ಕಾಂಪೊಸಿಶನ್ ಪುಸ್ತಕದ ಚರಿತ್ರೆ

ಕಾಸರಗೋಡಿನ ಕನ್ನಡದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ 1956ರ ನವೆಂಬರ್ 1ರಿಂದ ಆರಂಭಿಸುತ್ತಾರೆ. ಅಲ್ಲಿಂದ ಮುಂದೆ ಮಹಾಜನ ಆಯೋಗ, ಚಂದ್ರಗಿರಿ ಹೊಳೆ, ಮನವಿ, ಸತ್ಯಾಗ್ರಹಗಳ ಸಾಲು ಬರುತ್ತದೆ. ಇವು ಯಾವುವೂ ಮರೆಯತಕ್ಕ ಸಂಗತಿಗಳಲ್ಲ. ಆದರೆ ಒಂದು ಜನಸಮುದಾಯದ ಭಾಷಾಚರಿತ್ರೆಯು ಆಯೋಗಗಳ ವರದಿಗಳಲ್ಲಿ ಮಾತ್ರ ಅಡಗಿರುವುದಿಲ್ಲ. ಅದರ ಒಂದು ಪಾಲು ಶಾಲೆಗೆ ಹೋಗುವ ಮಕ್ಕಳ ಚೀಲದಲ್ಲಿಯೂ ಇರುತ್ತದೆ. ಆ ಚೀಲದೊಳಗಿನ ಒಂದೇ ಒಂದು ವಸ್ತುವನ್ನು, ಹೈಸ್ಕೂಲಿನ ಇಂಗ್ಲಿಷ್ ತರಗತಿಯ ಕಾಂಪೊಸಿಶನ್ ಪುಸ್ತಕವನ್ನು, ಹಿಡಿದುಕೊಂಡು ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

'ಪ್ರಬಂಧ' ಎಂಬ ಶಬ್ದ ನಮಗೆ ಹೊಸದಲ್ಲ. ಹಿಂದೆ ಅದು ಚೆನ್ನಾಗಿ ಕಟ್ಟಿದ ಕೃತಿ, ಕಾವ್ಯ ಎಂಬ ಅರ್ಥದಲ್ಲಿ ಸಲ್ಲುತ್ತಿತ್ತು. ಒಂದು ವಿಷಯವನ್ನು ಕೊಟ್ಟು ಎರಡು ಪುಟ ಬರೆಯಿಸುವ ಗದ್ಯರಚನೆ ಎಂಬ ಈಗಿನ ಅರ್ಥ ಇಂಗ್ಲಿಷ್ ಶಿಕ್ಷಣದೊಂದಿಗೆ ಬಂದದ್ದು. ಆ ಪ್ರಕಾರದ ಮೂಲಪುರುಷ ಫ್ರಾನ್ಸಿನ ಮಾಂಟೇನ್ 1580ರಲ್ಲಿ ತನ್ನ ಬರಹಗಳಿಗೆ 'ಎಸ್ಸೇ' ಎಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದ ಅರ್ಥ ಪ್ರಯತ್ನ, ತೂಗಿನೋಡುವಿಕೆ. 1597ರಲ್ಲಿ ಬೇಕನ್ನನು ಆ ಹೆಸರನ್ನು ಇಂಗ್ಲಿಷಿಗೆ ತಂದನು. ತನಗೆ ಕಂಡುದನ್ನು ತಾನೇ ತೂಗಿನೋಡುವ ಈ ಸ್ವತಂತ್ರ ಬರವಣಿಗೆ ನಮ್ಮ ನಾಡಿಗೆ ಬಂದಾಗ ಮಾತ್ರ ಪರೀಕ್ಷೆಯ ವೇಷವನ್ನು ತೊಟ್ಟು ಬಂದಿತು.

ಅದಕ್ಕೆ ಕಾರಣವನ್ನು ಆ ಕಾಲದ ಶಿಕ್ಷಣಕ್ರಮದಲ್ಲಿಯೇ ಕಾಣಬಹುದು. 1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿಯನ್ನು ಬರೆದನು. 1854ರ ವುಡ್ ನಿರೂಪವು ಶಾಲೆಗಳಿಗೆ ಸಹಾಯಧನದ ದಾರಿಯನ್ನು ತೆರೆಯಿತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಮೆಟ್ರಿಕ್ಯುಲೇಶನ್ ಪರೀಕ್ಷೆ ಮೊದಲಾಯಿತು. ಕೆನರಾ ಜಿಲ್ಲೆ ಇಬ್ಭಾಗವಾಗಿ 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದರೂ ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ನಮ್ಮ ಹಿರಿಯರಿಗೆ ಸರಕಾರಿ ಉದ್ಯೋಗದ ಬಾಗಿಲೂ ಕಾಲೇಜಿನ ಬಾಗಿಲೂ ಮದರಾಸಿನ ಪರೀಕ್ಷೆಯ ಮೂಲಕವೇ ತೆರೆಯಬೇಕಾಗಿತ್ತು. ಆ ಬಾಗಿಲಿನ ಕೀಲಿಕೈ ಇಂಗ್ಲಿಷ್ ಪತ್ರಿಕೆ. ಅದರಲ್ಲಿ ತಪ್ಪಿಲ್ಲದೆ ಬರೆಯುವುದು ಮುಖ್ಯವಾಯಿತೇ ಹೊರತು ತನ್ನದಾಗಿ ಬರೆಯುವುದು ಮುಖ್ಯವಾಗಲಿಲ್ಲ.

ತಪ್ಪಿನ ಈ ಭಯ ಎಷ್ಟರಮಟ್ಟಿನದೆಂಬುದಕ್ಕೆ ಗಾಂಧೀಜಿಯವರ ಆತ್ಮಕಥೆಯಲ್ಲಿ ಬರುವ ಒಂದು ಪ್ರಸಂಗವೇ ಸಾಕ್ಷಿ. ಅವರು ರಾಜಕೋಟೆಯಲ್ಲಿ ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಾಗ ಇನ್‌ಸ್ಪೆಕ್ಟರರು ತನಿಖೆಗೆ ಬಂದು ಐದು ಇಂಗ್ಲಿಷ್ ಪದಗಳನ್ನು ಬರೆಯಿಸಿದರು. ಅವುಗಳಲ್ಲಿ 'ಕೆಟಲ್' ಎಂಬುದನ್ನು ಬಾಲಕ ಮೋಹನದಾಸ ತಪ್ಪಾಗಿ ಬರೆದನು. ಪಕ್ಕದವನ ಹಲಗೆಯನ್ನು ನೋಡಿ ತಿದ್ದಿಕೊಳ್ಳುವಂತೆ ಅಧ್ಯಾಪಕರೇ ಬೂಟಿನ ತುದಿಯಿಂದ ಸೂಚಿಸಿದರು. ಬಾಲಕನಿಗೆ ಅದು ಅರ್ಥವಾಗಲಿಲ್ಲ. ನಾವು ಇದನ್ನು ಬಾಲಕನ ಪ್ರಾಮಾಣಿಕತೆಯ ಕಥೆಯೆಂದು ಓದುತ್ತೇವೆ. ಶಿಕ್ಷಣದ ಚರಿತ್ರೆಯ ದೃಷ್ಟಿಯಿಂದ ಇದು ಅಧ್ಯಾಪಕರ ಕಥೆಯೂ ಹೌದು. ಇನ್‌ಸ್ಪೆಕ್ಟರರ ಎದುರು ತರಗತಿಯಲ್ಲಿ ಒಂದು ತಪ್ಪೂ ಕಾಣಬಾರದೆಂಬ ಒತ್ತಡವು ಗುರುವನ್ನೇ ನಕಲಿಗೆ ಪ್ರೇರಕನನ್ನಾಗಿ ಮಾಡಿತ್ತು. 1902ರ ವಿಶ್ವವಿದ್ಯಾನಿಲಯಗಳ ಆಯೋಗವು ಕಂಠಪಾಠದ ಪಿಡುಗನ್ನು ಎತ್ತಿ ತೋರಿಸಿತು. ಆದರೂ ಕಂಠಪಾಠ ನಿಲ್ಲಲಿಲ್ಲ. ನೆಸ್‌ಫೀಲ್ಡರ ವ್ಯಾಕರಣ, ಅನಂತರ ರೆನ್ ಮತ್ತು ಮಾರ್ಟಿನರ ವ್ಯಾಕರಣ ತಲೆಮಾರುಗಳ ಕೈಯಲ್ಲಿ ಸವೆದವು. ಹಸುವಿನ ಮೇಲಿನ ಪ್ರಬಂಧವು ತಂದೆಯಿಂದ ಮಗನಿಗೆ ಆಸ್ತಿಯಂತೆ ಬಂದಿತು.

ಇಷ್ಟೇ ಆಗಿದ್ದರೆ ಈ ಚರಿತ್ರೆಯನ್ನು ಬರೆಯುವ ಅಗತ್ಯವಿರಲಿಲ್ಲ. ಇದೇ ತರಗತಿಗಳಿಂದ ಇನ್ನೊಂದು ಧಾರೆಯೂ ಹೊರಟಿತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಬಾಸೆಲ್ ಮಿಶನಿನ ಶಾಲೆಗಳು ಅದಕ್ಕೂ ಹಿಂದಿನವು. ಆ ಕಾಲದ ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರಂತಹ ಅಧ್ಯಾಪಕರಿದ್ದರು. ಇಂಗ್ಲಿಷಿನ ಕಥೆ, ಶಿಶುಗೀತೆಗಳನ್ನು ಓದಿ ಅವುಗಳ ನಕಲನ್ನು ಮಾಡದೆ, ನಮ್ಮ ಮಕ್ಕಳ ನಾಲಗೆಗೆ ಒಗ್ಗುವ ಕನ್ನಡವನ್ನು ಅವರು ಸೃಷ್ಟಿಸಿದರು. ಅವರ ಶಿಷ್ಯರಲ್ಲಿ ಒಬ್ಬರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಮದರಾಸಿನಲ್ಲಿ ಬಿ.ಎ. ಪರೀಕ್ಷೆಯ ಹೊತ್ತಿಗೆ ತಂದೆಯ ಅಸ್ವಾಸ್ಥ್ಯದಿಂದಾಗಿ ಊರಿಗೆ ಮರಳಬೇಕಾಗಿ ಬಂದು ಪೈಗಳಿಗೆ ಪದವಿ ದೊರೆಯಲಿಲ್ಲ. ಬರೆದಿದ್ದ ಇಂಗ್ಲಿಷ್ ಪತ್ರಿಕೆಗೆ ಮಾತ್ರ ಚಿನ್ನದ ಪದಕ ಬಂದಿತು. ಆ ಪದಕವನ್ನು ಗಳಿಸಿದ ಲೇಖನಿಯನ್ನು ಅವರು ಕನ್ನಡಕ್ಕೆ ಮೀಸಲಿಟ್ಟರು. 1949ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಅದೇ ಮದರಾಸಿನ ಸರಕಾರ.

ಮೈಸೂರಿನಲ್ಲಿಯೂ ಹೀಗೆಯೇ ಆಯಿತು. 'ಇಂಗ್ಲಿಷ್ ಗೀತಗಳು' ಸಂಕಲನವನ್ನು ಕೊಟ್ಟ ಬಿ.ಎಂ.ಶ್ರೀ.ಯವರು ಇಂಗ್ಲಿಷ್ ಪ್ರಾಧ್ಯಾಪಕರು. 1937ರಲ್ಲಿ 'ಹಗಲುಗನಸುಗಳು' ಸಂಕಲನದಿಂದ ಕನ್ನಡದ ಲಲಿತ ಪ್ರಬಂಧಕ್ಕೆ ಗಟ್ಟಿಯಾದ ನೆಲೆಯನ್ನೊದಗಿಸಿದ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಅಧ್ಯಾಪಕರೇ. ಇಂಗ್ಲಿಷ್ ತರಗತಿಯಲ್ಲಿ ಪರೀಕ್ಷೆಯಾಗಿ ಹೆಪ್ಪುಗಟ್ಟಿದ್ದ 'ಎಸ್ಸೇ' ಕನ್ನಡಕ್ಕೆ ಬಂದು ಮತ್ತೆ ಮಾಂಟೇನನ ಅರ್ಥದ ಪ್ರಯತ್ನವಾಯಿತು. ಮನೆಯ ಮಾತನ್ನು ಬಿಡದೆ ಇಂಗ್ಲಿಷನ್ನು ಕಲಿತವರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ನಮ್ಮ ಪೀಳಿಗೆಯ ಮಾತು. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮದರಾಸಿನ ಎಸ್.ಎಸ್.ಎಲ್.ಸಿ. ಹೋಗಿ ಕೇರಳದ ಎಸ್.ಎಸ್.ಎಲ್.ಸಿ. ಬಂದಿತ್ತು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಇವೆಲ್ಲದರ ಮೇಲೆ ಇಂಗ್ಲಿಷ್. ಒಮ್ಮೆ ನಮ್ಮ ಇಂಗ್ಲಿಷ್ ಮಾಸ್ತರರು ರೈಲು ಪ್ರಯಾಣದ ಕುರಿತು ಪ್ರಬಂಧ ಬರೆದು ತರಲು ಹೇಳಿದರು. ಮೂವತ್ತಕ್ಕೂ ಮಿಕ್ಕಿದ ಪುಸ್ತಕಗಳಲ್ಲಿ ಒಂದೇ ಪ್ಲಾಟ್‌ಫಾರಂ, ಒಂದೇ ಜನಜಂಗುಳಿ, ಒಂದೇ ಕಿಟಕಿ, ಒಂದೇ ಸೂರ್ಯಾಸ್ತ. ಎಲ್ಲವೂ ಒಂದೇ ಗೈಡಿನಿಂದ ಇಳಿದುಬಂದವು. ನಮ್ಮಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ರೈಲನ್ನು ಹತ್ತಿರಲೇ ಇಲ್ಲ.

ಮಾಸ್ತರರು ಗದರಿಸಲಿಲ್ಲ. "ನಿಮ್ಮ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ?" ಎಂದು ನನ್ನನ್ನು ಕೇಳಿದರು. ಸುರಂಗದಿಂದ ಎಂದೆ. "ಅದನ್ನು ಬರೆ. ಮೊದಲು ಕನ್ನಡದಲ್ಲಿ ನನಗೆ ಹೇಳು, ಅನಂತರ ಇಂಗ್ಲಿಷಿನಲ್ಲಿ ಬರೆ" ಎಂದರು. ಗುಡ್ಡದ ಮುರಕಲ್ಲನ್ನು ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆದು ಒಳಗೆ ಹೋಗುವುದು, ದೀಪ ಸಣ್ಣದಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುವುದು, ಒಸರು ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಮಾಡುವುದು: ಇವನ್ನೆಲ್ಲ ಹೇಳಿದೆ. "ಸುರಂಗಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಮಾಷ್ಟ್ರೇ?" ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಸುರಂಗ ಎಂದೇ ಬರೆ. ಅದೇನೆಂದು ಓದುವವನಿಗೆ ತಿಳಿಯುವಂತೆ ಬರೆಯುವುದು ನಿನ್ನ ಕೆಲಸ" ಎಂದರು. ಆ ಪ್ರಬಂಧದಲ್ಲಿ ಕೆಂಪು ಶಾಯಿಯ ಗುರುತುಗಳು ಎಂದಿಗಿಂತಲೂ ಹೆಚ್ಚಾಗಿದ್ದವು. ಆದರೆ ಅದು ನಾನು ಬರೆದ ಮೊದಲ ಇಂಗ್ಲಿಷ್. ಅದಕ್ಕೆ ಮೊದಲಿನದೆಲ್ಲ ನಾನು ನೋಡಿ ಬರೆದದ್ದು.

ಮಾಸ್ತರರು ತಮ್ಮ ಅನುಭವದಿಂದ ಕಂಡುಕೊಂಡಿದ್ದುದನ್ನು ಶಿಕ್ಷಣಶಾಸ್ತ್ರಜ್ಞರು ಬೇರೊಂದು ದಾರಿಯಿಂದ ತಲುಪಿದರು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. 'ಬೆಂಗಳೂರು ಯೋಜನೆ' ಎಂದು ಅದು ಜಗತ್ತಿನಾದ್ಯಂತ ಹೆಸರಾಗಿದೆ. ವ್ಯಾಕರಣದ ನಿಯಮಗಳನ್ನು ಮೊದಲು ಕಲಿಸುವ ಬದಲು ವೇಳಾಪಟ್ಟಿ, ನಕ್ಷೆ ಮುಂತಾದವುಗಳನ್ನು ಕೊಟ್ಟು ಬಿಡಿಸಬೇಕಾದ ಸಮಸ್ಯೆಗಳನ್ನು ಮುಂದಿಡುವುದು ಅದರ ಕ್ರಮ. ಮಗುವಿನ ಗಮನ ಅರ್ಥದ ಮೇಲೆ ನೆಟ್ಟಿರುವಾಗ ಭಾಷೆ ತಾನಾಗಿ ಮೂಡುತ್ತದೆಂಬುದು ಅವರ ವಾದ. ತೊಂಬತ್ತರ ದಶಕದ ಅನಂತರ ಕೇರಳದ ಪಠ್ಯಕ್ರಮವೂ ಬದಲಾಯಿತು. ಈಗ ಮಕ್ಕಳು ದಿನಚರಿ, ಸಂಭಾಷಣೆ, ಪತ್ರ, ಭಾಷಣ, ವ್ಯಕ್ತಿಚಿತ್ರಗಳನ್ನು ಬರೆಯುತ್ತಾರೆ. ಹಸು ಪುಸ್ತಕದಿಂದ ಹೊರಗೆ ನಡೆದಿದೆ. ಇದು ಸಂತೋಷದ ವಿಷಯ.

ಆದರೆ ಕ್ರಮ ಬದಲಾದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ದಿನಚರಿಗೂ ಗೈಡುಗಳಿವೆ, ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಿದ್ಧಪ್ರಬಂಧ ದೊರೆಯುತ್ತದೆ. ಅದಕ್ಕಿಂತಲೂ ದೊಡ್ಡ ಚಿಂತೆ ಇನ್ನೊಂದಿದೆ. ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದುದರ ವಿರುದ್ಧ ನಮ್ಮ ಜಿಲ್ಲೆಯಲ್ಲಿ ವಿದ್ಯಾರ್ಥಿಗಳೂ ಹೆತ್ತವರೂ ಪ್ರತಿಭಟಿಸಿದ್ದುಂಟು. ಇದು ಕನ್ನಡ ಪಾಠಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. "ಮೊದಲು ಕನ್ನಡದಲ್ಲಿ ನನಗೆ ಹೇಳು" ಎನ್ನಬೇಕಾದರೆ ಅಧ್ಯಾಪಕರಿಗೆ ಆ ಕನ್ನಡ ತಿಳಿದಿರಬೇಕು. ಹೇಳಲು ಮಗುವಿಗೂ ಕನ್ನಡದಲ್ಲಿ ಮಾತುಗಳಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಮಗು ಮತ್ತೆ ಆ ಹಳೆಯ ಪ್ಲಾಟ್‌ಫಾರಮಿಗೆ, ತಾನು ಎಂದೂ ಕಾಣದ ಸೂರ್ಯಾಸ್ತಕ್ಕೆ ಮರಳುತ್ತದೆ. ಇಂಗ್ಲಿಷ್ ಚೆನ್ನಾಗಿ ಬರಲೆಂದು ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸುವ ಹೆತ್ತವರೂ ಈ ಮಾತನ್ನು ಯೋಚಿಸಬೇಕಾಗಿದೆ.

ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಹೇಳಿದ ನಾಡು ಇದು. ಅವರು ಕವಿಯೂ ಹೋರಾಟಗಾರರೂ ಆಗಿದ್ದರು. ಜತೆಗೆ ಮಕ್ಕಳ ಪುಸ್ತಕಗಳನ್ನು ತಿದ್ದುವ ಹೈಸ್ಕೂಲ್ ಅಧ್ಯಾಪಕರಾಗಿದ್ದರು. ಗಡಿನಾಡಿನ ಭಾಷೆಯನ್ನು ಕಾಯುವ ಕೆಲಸ ವೇದಿಕೆಯಲ್ಲಿ ನಡೆಯುವಷ್ಟೇ ತರಗತಿಯಲ್ಲಿಯೂ ನಡೆಯುತ್ತದೆಂಬುದಕ್ಕೆ ಅವರ ಬಾಳು ನಿದರ್ಶನ.

ಕೊನೆಯದಾಗಿ ನಮ್ಮ ಸಂಘಕ್ಕೆ ಎರಡು ವಿನಂತಿಗಳು. ಹಳೆಯ ಮನೆಗಳ ಅಟ್ಟದಲ್ಲಿ ಹಿರಿಯರ ಕಾಂಪೊಸಿಶನ್ ಪುಸ್ತಕಗಳು ಇನ್ನೂ ಇರಬಹುದು. ಗೆದ್ದಲು ಮುಟ್ಟುವ ಮೊದಲು ಅವನ್ನು ಸಂಗ್ರಹಿಸಬೇಕು. ನಮ್ಮ ಜನ ಎರಡು ಭಾಷೆಗಳ ನಡುವೆ ಹೇಗೆ ಯೋಚಿಸಿದರೆಂಬುದಕ್ಕೆ ಅವು ದಾಖಲೆಗಳು. ಎರಡನೆಯದು, ಮುಂದಿನ ಸಮ್ಮೇಳನದ ಪ್ರಬಂಧ ಸ್ಪರ್ಧೆಯಲ್ಲಿ ಹೈಸ್ಕೂಲು ಮಕ್ಕಳು ತಮ್ಮ ಊರಿನ ಒಂದೇ ವಿಷಯವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯುವಂತಾಗಲಿ. ಕಾಗುಣಿತದ ತಪ್ಪುಗಳನ್ನು ತೀರ್ಪುಗಾರರು ಕೊನೆಗೆ ಎಣಿಸಲಿ. ವಿಷಯ ಯಾವುದೆಂದು ಮಕ್ಕಳು ಕೇಳಿದರೆ, ನಿಮ್ಮ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳೋಣ.