ಅನಿಲ ಸೋರದ ಬಾಟಲಿ ಸೋತ ಕಥೆ

ಲಘು ಪಾನೀಯದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಕೈಗೆತ್ತಿಕೊಳ್ಳಿ. ಮುಚ್ಚಳ ತೆರೆಯದೆ ಅದುಮಿ ನೋಡಿದರೆ ಕಲ್ಲಿನಂತೆ ಗಟ್ಟಿ. ಒಳಗಿರುವ ಕಾರ್ಬನ್ ಡೈಆಕ್ಸೈಡಿನ ಒತ್ತಡ ಹೊರಗಿನ ವಾಯುಭಾರದ ಹಲವು ಪಟ್ಟು. ಗೋಡೆಯ ದಪ್ಪವಾದರೋ ಅರ್ಧ ಮಿಲಿಮೀಟರಿಗೂ ಕಡಿಮೆ! ಇಷ್ಟು ತೆಳುವಾದ ಗೋಡೆ ಅನಿಲವನ್ನು ತಡೆಯಬಲ್ಲದೆ? ಪೂರ್ತಿಯಾಗಿ ತಡೆಯಲಾರದು. ಹಲವು ತಿಂಗಳು ಹಾಗೆಯೇ ಇಟ್ಟರೆ, ಮುಚ್ಚಳ ಬಿಗಿಯಾಗಿದ್ದರೂ ಪಾನೀಯ ಸಪ್ಪೆಯಾಗುತ್ತದೆ. ಇದಕ್ಕಿಂತ ಚೆನ್ನಾಗಿ ಅನಿಲವನ್ನು ತಡೆಯುವ ಬಾಟಲಿ 1975ರಲ್ಲೇ ಅಮೆರಿಕದ ಅಂಗಡಿಗಳಿಗೆ ಬಂದಿತ್ತು. ಎರಡೇ ವರ್ಷಗಳಲ್ಲಿ ಅದು ಮಾಯವಾಯಿತು. ಏಕೆ?

ಮೊದಲು ಅನಿಲ ಹೊರಹೋಗುವ ಬಗೆಯನ್ನು ನೋಡೋಣ. ಪ್ಲಾಸ್ಟಿಕ್ ಎಂದರೆ ಉದ್ದನೆಯ ಅಣುಸರಪಳಿಗಳ ಸಿಕ್ಕು. ಸರಪಳಿಗಳ ನಡುವೆ ಅತಿ ಸೂಕ್ಷ್ಮ ಅವಕಾಶಗಳಿರುತ್ತವೆ. ಅನಿಲದ ಅಣು ಗೋಡೆಯಲ್ಲಿ ಕರಗಿ, ಒಂದು ಅವಕಾಶದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೊರಬರುತ್ತದೆ. ಇದೇ ವಿಸರಣೆ. ಪಾಲಿಥೀನಿನ ಸರಪಳಿಗಳ ನಡುವಿನ ಆಕರ್ಷಣೆ ದುರ್ಬಲ. ಆದ್ದರಿಂದ ಅನಿಲಕ್ಕೆ ದಾರಿ ಸುಲಭ. ಸರಪಳಿಗಳು ಒಂದನ್ನೊಂದು ಬಲವಾಗಿ ಸೆಳೆದುಕೊಂಡಿದ್ದರೆ ದಾರಿ ಕಷ್ಟ.

1967ರ ಸುಮಾರಿಗೆ ಡುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈಯೆತ್ ಈ ಸಮಸ್ಯೆಗೆ ಕೈಹಾಕಿದರು. ಮಾರ್ಜಕದ ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಶುಂಠಿಯ ಸೋಡಾ ತುಂಬಿ ರಾತ್ರಿ ಫ್ರಿಜ್ಜಿನಲ್ಲಿಟ್ಟರು. ಬೆಳಗ್ಗೆ ನೋಡಿದರೆ ಬಾಟಲಿ ಉಬ್ಬಿ ಅಲ್ಲೇ ಸಿಕ್ಕಿಕೊಂಡಿತ್ತು! ಕೊನೆಗೆ ಅವರು ಆರಿಸಿಕೊಂಡದ್ದು ಪಾಲಿಥಿಲೀನ್ ಟೆರಿಥ್ಯಾಲೇಟ್, ಅಂದರೆ ಪೆಟ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ತಯಾರಿಸಿದ ಈ ವಸ್ತು ಟೆರಿಲೀನ್ ಬಟ್ಟೆಯಾಗಿ ಆಗಲೇ ಹೆಸರಾಗಿತ್ತು. ಮೆದುಗೊಳಿಸಿದ ಪೆಟ್ ಅನ್ನು ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸಿ ಊದಿದರೆ ಸರಪಳಿಗಳು ಸಾಲುಗೂಡುತ್ತವೆ. ಗೋಡೆಗೆ ಬಲವೂ ಬರುತ್ತದೆ, ಅನಿಲ ಹಾಯುವುದೂ ತಗ್ಗುತ್ತದೆ. ಈ ಬಾಟಲಿಗೆ 1973ರಲ್ಲಿ ಪೇಟೆಂಟ್ ದೊರೆಯಿತು.

ಇದೇ ಹೊತ್ತಿಗೆ ಮಾನ್ಸಾಂಟೊ ಕಂಪನಿ ಅಕ್ರಿಲೊನೈಟ್ರೈಲ್ ಮತ್ತು ಸ್ಟೈರೀನ್ ಸೇರಿಸಿ ಇನ್ನೊಂದು ಪ್ಲಾಸ್ಟಿಕ್ ಸಿದ್ಧಪಡಿಸಿತ್ತು. ಇದರ ನೈಟ್ರೈಲ್ ಗುಂಪುಗಳು ವಿದ್ಯುತ್ ಧ್ರುವೀಯವಾದ್ದರಿಂದ ಸರಪಳಿಗಳು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಅನಿಲ ತಡೆಯುವುದರಲ್ಲಿ ಇದು ಪೆಟ್‌ಗಿಂತ ಹಲವು ಪಟ್ಟು ಮೇಲು. ಕೋಕ-ಕೋಲ ಕಂಪನಿ 1975ರಲ್ಲಿ ಇದನ್ನು ‘ಈಸಿ-ಗೋಯರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ತಡೆಗುಣವೊಂದನ್ನೇ ಅಳೆದರೆ ಗೆಲುವು ಇದರದೇ.

ಆದರೆ ಗೋಡೆಯ ಒಳಗೇ ತೊಡಕಿತ್ತು. ಪಾಲಿಮರ್ ತಯಾರಾಗುವಾಗ ಎಲ್ಲ ಬಿಡಿ ಅಣುಗಳೂ ಸರಪಳಿ ಸೇರುವುದಿಲ್ಲ. ಸೇರದೆ ಉಳಿದ ಅಕ್ರಿಲೊನೈಟ್ರೈಲ್ ಗೋಡೆಯಿಂದ ಪಾನೀಯಕ್ಕೆ ಇಳಿಯಬಹುದು. ಅಕ್ರಿಲೊನೈಟ್ರೈಲ್ ಬೆರೆಸಿದ ನೀರು ಕುಡಿದ ಇಲಿಗಳಲ್ಲಿ ಗೆಡ್ಡೆಗಳು ಕಂಡುಬಂದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1977ರಲ್ಲಿ ಈ ಬಾಟಲಿಯನ್ನು ನಿಷೇಧಿಸಿತು.

ಮಾನ್ಸಾಂಟೊ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ನಡೆದ ವಾದ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ಕಂಪನಿಯ ಹೊಸ ಬಾಟಲಿಯ ಗೋಡೆಯಲ್ಲಿ ಉಳಿದಿದ್ದ ಅಕ್ರಿಲೊನೈಟ್ರೈಲ್ ದಶಲಕ್ಷಕ್ಕೆ ಸುಮಾರು 3.3 ಭಾಗ. ಬಾಟಲಿಯೊಳಗಿನ ದ್ರವದಲ್ಲಿ ನೂರು ಕೋಟಿಗೆ 10 ಭಾಗದಷ್ಟಿದ್ದರೂ ಗುರುತಿಸಬಲ್ಲ ವಿಧಾನಕ್ಕೆ ಅದು ಸಿಗಲಿಲ್ಲ. ಸಿಗದಿದ್ದರೆ ಇಲ್ಲವೆಂದೇ ಅರ್ಥವೆ? ಆಡಳಿತ ಆಧಾರವಾಗಿ ಹಿಡಿದದ್ದು ಉಷ್ಣಗತಿವಿಜ್ಞಾನದ ಎರಡನೇ ನಿಯಮವನ್ನು! ತಾಗಿಕೊಂಡಿರುವ ಎರಡು ವಸ್ತುಗಳ ಅಣುಗಳು ಒಂದರೊಳಗೊಂದು ವಿಸರಿಸಲೇಬೇಕು. ಹಾಗಾಗಿ ಸ್ವಲ್ಪವಾದರೂ ಇಳಿದೇ ಇರುತ್ತದೆ ಎಂಬುದು ವಾದ. 1979ರಲ್ಲಿ ನ್ಯಾಯಾಲಯ ಇದನ್ನು ಹಾಗೆಯೇ ಒಪ್ಪಲಿಲ್ಲ. ಗಣನೆಗೇ ಬಾರದಷ್ಟು ಅಲ್ಪವಾದದ್ದನ್ನು ಬದಿಗಿಡುವ ಅಧಿಕಾರ ಆಡಳಿತಕ್ಕೆ ಇದೆ, ಎಷ್ಟು ಇಳಿಯುತ್ತದೆ ಎಂಬುದೇ ಮುಖ್ಯ ಎಂದು ಹೇಳಿ ಪ್ರಕರಣವನ್ನು ಮರುಪರಿಶೀಲನೆಗೆ ಕಳಿಸಿತು. ಬಿಡಿ ಅಕ್ರಿಲೊನೈಟ್ರೈಲ್ ದಶಲಕ್ಷಕ್ಕೆ 0.1 ಭಾಗ ಮೀರಬಾರದೆಂಬ ಮಿತಿಯೊಂದಿಗೆ 1984ರಲ್ಲಿ ಅನುಮತಿ ದೊರೆಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಆ ಜಾಗವನ್ನು ಪೆಟ್ ತುಂಬಿತ್ತು. ಕೋಕ-ಕೋಲ ಕಂಪನಿ 1978ರಲ್ಲಿ 2 ಲೀಟರಿನ ಪೆಟ್ ಬಾಟಲಿ ತಂದಿತು. ದೊಡ್ಡ ಬಾಟಲಿಯೇ ಮೊದಲು ಏಕೆ? ತರಗತಿಯಲ್ಲಿ ಈ ಲೆಕ್ಕ ಮಾಡಿಸಬಹುದು. ಬಾಟಲಿಯ ಎಲ್ಲ ಅಳತೆಗಳನ್ನೂ ಎರಡು ಪಟ್ಟು ಮಾಡಿದರೆ ಮೇಲ್ಮೈ ನಾಲ್ಕು ಪಟ್ಟು, ಗಾತ್ರ ಎಂಟು ಪಟ್ಟು ಆಗುತ್ತದೆ. ಅನಿಲ ಸೋರುವುದು ಮೇಲ್ಮೈಯಿಂದ, ದಾಸ್ತಾನಿರುವುದು ಗಾತ್ರದಲ್ಲಿ. ಗೋಡೆಯ ದಪ್ಪ ಒಂದೇ ಆಗಿದ್ದರೆ ದೊಡ್ಡ ಬಾಟಲಿ ತನ್ನ ಅನಿಲದ ಅರ್ಧದಷ್ಟು ಪಾಲನ್ನು ಮಾತ್ರ ಅದೇ ಅವಧಿಯಲ್ಲಿ ಕಳೆದುಕೊಳ್ಳುತ್ತದೆ. ಪೆಟ್‌ನ ಸಾಧಾರಣ ತಡೆಗುಣ ದೊಡ್ಡ ಬಾಟಲಿಗೆ ಸಾಕಾಗಿತ್ತು.

ಪೆಟ್‌ನಿಂದ ಏನೂ ಇಳಿಯುವುದಿಲ್ಲವೆಂದಲ್ಲ. ಅದನ್ನು ಕರಗಿಸಿ ಅಚ್ಚು ಹಾಕುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಲೇಶದಷ್ಟು ನೀರಿಗಿಳಿದರೂ ರುಚಿ ಕೆಡುತ್ತದೆ. ಅದಕ್ಕಾಗಿ ತಯಾರಕರು ಕರಗಿಸುವ ಉಷ್ಣತೆಯನ್ನು ಹದದಲ್ಲಿಡುತ್ತಾರೆ.

ಗೋಡೆಯ ಮೂಲಕ ಎಷ್ಟು ಹಾಯುತ್ತದೆ ಎಂದು ಕೇಳುವುದರ ಜೊತೆಗೆ ಗೋಡೆಯಿಂದಲೇ ಏನು ಇಳಿಯುತ್ತದೆ ಎಂದೂ ಕೇಳಬೇಕು. ಎರಡಕ್ಕೂ ಕಾರಣ ಒಂದೇ ವಿಸರಣೆ. ಮೊದಲನೆಯದು ತಪ್ಪಿದರೆ ಪಾನೀಯ ಸಪ್ಪೆಯಾಗುತ್ತದೆ, ಅಷ್ಟೆ. ಎರಡನೆಯದು ತಪ್ಪಿದರೆ ಕುಡಿದವರ ಆರೋಗ್ಯಕ್ಕೇ ಕುತ್ತು. ಮುಂದಿನ ಸಲ ಬಾಟಲಿಯ ತಳದಲ್ಲಿ ತ್ರಿಕೋನದೊಳಗಿನ 1 ಎಂಬ ಅಂಕಿಯನ್ನು ನೋಡಿ. ಅದು ಪೆಟ್‌ನ ಗುರುತು.