4ಕೆ ಇಟ್ಟರೆ ಎಲ್ಲವೂ ಸ್ಪಷ್ಟವೇ? ಮೊಬೈಲ್ ತುಂಬದಂತೆ, ವಿಷಯ ಕಳೆಯದಂತೆ ವಿಡಿಯೊ ಮಾಡುವುದು ಹೇಗೆ?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದ ಕೂಡಲೇ ಇಡೀ ಜನಸಾಗರ ಮೌನವಾಗುತ್ತದೆ. ಆಮೇಲೆ ಬರುವುದು ಒಂದೇ ವಾಕ್ಯದ ಕಾರ್ಣಿಕ. ಕೆಲವೇ ನಿಮಿಷಗಳಲ್ಲಿ ಆ ವಿಡಿಯೊ ಊರೂರು ಸುತ್ತುತ್ತದೆ. ಒಂದು ಪದ ತಪ್ಪಾಗಿ ಕೇಳಿಸಿದರೂ ಸಾಕು, ಮಳೆ-ಬೆಳೆಯ ಮಾತಿನ ಅರ್ಥವೇ ಬದಲಾಗುತ್ತದೆ.

ಇಂಥ ಕ್ಷಣವನ್ನು ಚಿತ್ರೀಕರಿಸಲು ಮೊಬೈಲನ್ನು ಯಾವ ಸೆಟ್ಟಿಂಗ್‌ನಲ್ಲಿ ಇಡಬೇಕು? ಈ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: 4ಕೆ ಇಟ್ಟರೆ ಎಲ್ಲವೂ ಸ್ಪಷ್ಟ

ಭಾಗಶಃ ಮಾತ್ರ ನಿಜ. 1080ಪಿ ವಿಡಿಯೊದ ಪ್ರತಿ ಚಿತ್ರದಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ (ಪಿಕ್ಸೆಲ್). 4ಕೆಯಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ. ಆದರೆ ಇದು ಚಿತ್ರದ ಲೆಕ್ಕ. ಧ್ವನಿಗೆ ಇದರಿಂದ ಏನೂ ಲಾಭವಿಲ್ಲ.

ಧ್ವನಿ ಸ್ಪಷ್ಟವಾಗುವುದು ಮೊಬೈಲಿನ ಮೈಕ್ ಎಷ್ಟು ಹತ್ತಿರವಿದೆ, ಅದಕ್ಕೆ ಗಾಳಿ ಬಡಿಯುತ್ತಿದೆಯೇ, ಬೆರಳು ಅಡ್ಡ ಬಂದಿದೆಯೇ ಎಂಬುದರ ಮೇಲೆ. ಕಾರ್ಣಿಕದಲ್ಲಿ ಮಾತೇ ಮುಖ್ಯವಾದ್ದರಿಂದ ಧ್ವನಿವರ್ಧಕದ ಹತ್ತಿರ ನಿಂತವರ 720ಪಿ ವಿಡಿಯೊ, ದೂರ ನಿಂತವರ 4ಕೆ ವಿಡಿಯೊಗಿಂತ ಒಳ್ಳೆಯ ದಾಖಲೆ. ಮೊಬೈಲಿನ ವಾಯ್ಸ್ ರೆಕಾರ್ಡರ್ ಕೂಡ ಸಾಕು. 128 ಕೆಬಿಪಿಎಸ್‌ನಲ್ಲಿ ಒಂದು ನಿಮಿಷದ ಧ್ವನಿಗೆ ತಗಲುವುದು ಸುಮಾರು 1 ಎಂಬಿ ಮಾತ್ರ.

ನಂಬಿಕೆ 2: ಫೈಲ್ ದೊಡ್ಡದಿದ್ದಷ್ಟೂ ಗುಣಮಟ್ಟ ಹೆಚ್ಚು

ಯಾವಾಗಲೂ ಅಲ್ಲ. ಫೈಲ್‌ನ ಗಾತ್ರ ನಿರ್ಧಾರವಾಗುವುದು ಬಿಟ್‌ರೇಟ್‌ನಿಂದ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ದಾಖಲಾಗುತ್ತದೆ ಎಂಬುದರಿಂದ. 1080ಪಿ ವಿಡಿಯೊವನ್ನು ಸ್ವಲ್ಪವೂ ಕುಗ್ಗಿಸದೆ ಉಳಿಸಿದರೆ ಒಂದು ನಿಮಿಷಕ್ಕೆ ಸುಮಾರು 11 ಜಿಬಿ ಬೇಕು! ಹಾಗಾಗಿ ಮೊಬೈಲ್ ಒಂದು ಉಪಾಯ ಮಾಡುತ್ತದೆ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಯಿತೋ ಅದನ್ನೇ ಹೆಚ್ಚಾಗಿ ಬರೆದಿಟ್ಟುಕೊಳ್ಳುತ್ತದೆ.

ಕದಲದ ಗೋಡೆಗೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ. ತೂರುವ ಭಂಡಾರ, ಏಳುವ ದೂಳು, ನುಗ್ಗುವ ಜನ ಇದ್ದಲ್ಲಿ ಎಲ್ಲವೂ ಬದಲಾಗುತ್ತಿರುವುದರಿಂದ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕೈ ನಡುಗಿದರೂ ಇದೇ ತೊಂದರೆ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಂಬಕ್ಕೋ ಗೋಡೆಗೋ ಒರಗಿ ನಿಂತರೆ ಅದೇ ಗಾತ್ರದ ಫೈಲ್‌ನಲ್ಲಿ ಹೆಚ್ಚು ಸ್ಪಷ್ಟ ಚಿತ್ರ ಸಿಗುತ್ತದೆ.

ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಅಂದಾಜು ನೋಡಿ. ಎಚ್‌ಇವಿಸಿ ವಿಧಾನದಲ್ಲಿ ಒಂದು ನಿಮಿಷಕ್ಕೆ:

• 720ಪಿ, 30 ಎಫ್‌ಪಿಎಸ್: 40 ಎಂಬಿ
• 1080ಪಿ, 30 ಎಫ್‌ಪಿಎಸ್: 60 ಎಂಬಿ
• 4ಕೆ, 30 ಎಫ್‌ಪಿಎಸ್: 170 ಎಂಬಿ
• 4ಕೆ, 60 ಎಫ್‌ಪಿಎಸ್: 400 ಎಂಬಿ

ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಅಂಕಿಗಳು ಬೇರೆಯಾದರೂ ಏರಿಕೆಯ ರೀತಿ ಹೀಗೆಯೇ. ಹಳೆಯ ಎಚ್.264ಕ್ಕೆ ಹೋಲಿಸಿದರೆ ಎಚ್‌ಇವಿಸಿ (ಎಚ್.265) ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಕೊಡುತ್ತದೆ. ಆದರೆ ಕೆಲವು ಹಳೆಯ ಮೊಬೈಲ್, ಟಿವಿಗಳಲ್ಲಿ ಅದು ಓಡದಿರಬಹುದು.

ನಂಬಿಕೆ 3: 60 ಎಫ್‌ಪಿಎಸ್ ಎಲ್ಲ ಕಡೆಯೂ ಉತ್ತಮ

ಇಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದಲ್ಲಿ ಹಗಲು ಹೊತ್ತು ಹಕ್ಕಿ ಹಾರುವುದನ್ನು ಹಿಡಿಯಲು 60 ಒಳ್ಳೆಯದು. ಕೊಟ್ಟೂರಿನಲ್ಲಿ ಸಂಜೆ ತೇರು ಎಳೆಯುವ ಹೊತ್ತಿಗೆ 30 ಸಾಕು. ಸೆಕೆಂಡಿಗೆ 60 ಚಿತ್ರ ತೆಗೆಯುವಾಗ ಒಂದೊಂದು ಚಿತ್ರಕ್ಕೂ ಬೆಳಕು ಹಿಡಿಯಲು ಸಿಗುವ ಸಮಯ ಅರ್ಧಕ್ಕಿಳಿಯುತ್ತದೆ. ಕತ್ತಲಲ್ಲಿ ಚಿತ್ರದ ತುಂಬ ಕಾಳುಕಾಳು ಕಾಣುತ್ತದೆ, ಆ ಕಾಳುಗಳೇ ಫೈಲ್‌ನ ಜಾಗ ತಿನ್ನುತ್ತವೆ.

ಕೆಲವೊಮ್ಮೆ ವಿಡಿಯೊವೇ ಬೇಡ. ಹರಪನಹಳ್ಳಿ ಕಡೆಯ ಹೊಲದಲ್ಲಿ ಮೆಕ್ಕೆಜೋಳಕ್ಕೆ ಬಿದ್ದ ಲದ್ದಿಹುಳುವನ್ನು ಕೃಷಿ ಅಧಿಕಾರಿಗೆ ತೋರಿಸಬೇಕೇ? ಹತ್ತಿರದಿಂದ ತೆಗೆದ ಎರಡು ಫೋಟೊ ಸಾಕು. 12 ಮೆಗಾಪಿಕ್ಸೆಲ್ ಫೋಟೊದಲ್ಲಿ 1080ಪಿ ವಿಡಿಯೊದ ಒಂದು ಚಿತ್ರಕ್ಕಿಂತ ಸುಮಾರು ಆರು ಪಟ್ಟು ವಿವರ ಇರುತ್ತದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಭಾಗದಲ್ಲಿ ದೂರದಲ್ಲಿ ಕರಡಿ ಕಂಡರೆ ಮಾತ್ರ 4ಕೆ ಉಪಯೋಗಕ್ಕೆ ಬರುತ್ತದೆ. ಹತ್ತಿರ ಹೋಗಬೇಡಿ, ಆಮೇಲೆ ಕತ್ತರಿಸಿ ದೊಡ್ಡದು ಮಾಡಿ ನೋಡಬಹುದು.

ನಂಬಿಕೆ 4: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೇನೆ, ಇನ್ನು ಮೂಲ ಅಳಿಸಬಹುದು

ದೊಡ್ಡ ನಷ್ಟವಾಗುವುದು ಇಲ್ಲಿಯೇ. ಸಾಮಾನ್ಯವಾಗಿ ವಿಡಿಯೊ ಕಳಿಸಿದಾಗ ವಾಟ್ಸ್‌ಆ್ಯಪ್ ಅದನ್ನು ಮತ್ತೆ ಕುಗ್ಗಿಸುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲೂ ಮೂಲ ಫೈಲ್ ಹಾಗೆಯೇ ಹೋಗುವುದಿಲ್ಲ. ಹೋದ ವಿವರವನ್ನು ಯಾವ ಆ್ಯಪ್ ಕೂಡ ನಿಜವಾಗಿ ಮರಳಿ ತರಲಾರದು. ‘ಎಚ್‌ಡಿ ಮಾಡುವ’ ಆ್ಯಪ್‌ಗಳು ಮಾಡುವುದು ಬರೀ ಊಹೆ.

2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ ಕ್ಷಣ ಜನರ ಮೊಬೈಲ್‌ಗಳಲ್ಲಿ ದಾಖಲಾಗಿತ್ತು. ಇಂಥ ಅವಘಡದಲ್ಲಿ ಮೊದಲು ಏನಾಯಿತು ಎಂದು ತಿಳಿಯಲು ಬೇಕಾಗುವುದು ಫಾರ್ವರ್ಡ್ ಅಲ್ಲ, ಮೂಲ ಫೈಲ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲ್‌ನ ‘ಹ್ಯಾಶ್’ ಸಂಖ್ಯೆ ನಮೂದಿಸಬೇಕು. ಇದು ಫೈಲ್‌ನ ಹೆಬ್ಬೆಟ್ಟಿನ ಗುರುತಿದ್ದಂತೆ. ಮತ್ತೆ ಕುಗ್ಗಿಸಿದ ಪ್ರತಿಯ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ದಿನನಿತ್ಯಕ್ಕೆ 1080ಪಿ, 30 ಎಫ್‌ಪಿಎಸ್ ಇಡಿ.
• ಇಡೀ ಜಾತ್ರೆಯ ಬದಲು ಬೇಕಾದ ಒಂದೆರಡು ನಿಮಿಷ ಮಾತ್ರ ಚಿತ್ರೀಕರಿಸಿ. ಜಾಗ ಉಳಿಸಲು ಇದಕ್ಕಿಂತ ಸುಲಭ ದಾರಿಯಿಲ್ಲ.
• ಬೆರಳಿನಿಂದ ಜೂಮ್ ಮಾಡುವ ಬದಲು, ಸುರಕ್ಷಿತವಾಗಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ.
• ಮುಖ್ಯವಾದ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. 2 ಜಿಬಿವರೆಗೂ ಕುಗ್ಗದೆ ಹೋಗುತ್ತದೆ.
• ಕತ್ತರಿಸುವುದಿದ್ದರೆ ಪ್ರತಿಯನ್ನು ಕತ್ತರಿಸಿ. ಮೂಲ ಹಾಗೆಯೇ ಇರಲಿ.

ರೆಕಾರ್ಡ್ ಬಟನ್ ಒತ್ತುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಉಳಿಯಬೇಕಾದ್ದು ಮಾತೋ, ಚಲನೆಯೋ, ಸಣ್ಣ ವಿವರವೋ? ಸೆಟ್ಟಿಂಗ್ ಅದರಂತೆ ಇರಲಿ. ಮುಂದಿನ ಕಾರ್ಣಿಕದ ವಿಡಿಯೊ ನಿಮಗೆ ಬಂದಾಗ ಪದ ಸರಿಯಾಗಿ ಕೇಳಿಸದಿದ್ದರೆ, ನಿಮ್ಮ ಊಹೆಯನ್ನು ಸೇರಿಸಿ ಮುಂದಕ್ಕೆ ಕಳಿಸಬೇಡಿ. ಮೂಲ ವಿಡಿಯೊ ಕೇಳಿ ತರಿಸಿಕೊಳ್ಳಿ.