ಅಪ್ರಮಾದವೇ ವೈದ್ಯಧರ್ಮ

ಔಷಧದಾನವು ಜೈನರ ಚತುರ್ವಿಧ ದಾನಗಳಲ್ಲೊಂದು. ಕ್ರಿ.ಶ. 9ನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ನೃಪತುಂಗನ ಸಭೆಯಲ್ಲಿ, ಔಷಧಕ್ಕೆ ಮಾಂಸ ಸಲ್ಲದೆಂದು ಪ್ರತಿಪಾದಿಸಿದರು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಗುಣಪಡಿಸುವ ಕೈಯೇ ಹಿಂಸೆಗೆ ಕಾರಣವಾಗಬಾರದೆಂಬುದು ಈ ಪರಂಪರೆಯ ಕಾಳಜಿ.

ಹಿಂಸೆಯ ಮೂಲವನ್ನು ತತ್ತ್ವಾರ್ಥಸೂತ್ರವು ಪ್ರಮಾದದಲ್ಲಿ ಕಾಣುತ್ತದೆ. ಎಚ್ಚರದಿಂದ ನಡೆದ ವೈದ್ಯನ ಕೈಯಲ್ಲಿ ರೋಗಿಯು ಉಳಿಯದಿದ್ದರೂ ಅವನಿಗೆ ದೋಷವಿಲ್ಲ; ಎಚ್ಚರದಪ್ಪಿದವನಿಗೆ, ರೋಗಿಯು ಬದುಕಿದರೂ, ದೋಷ ತಪ್ಪದು.

ಆಧುನಿಕ ನ್ಯಾಯವೂ ಇದಕ್ಕೆ ಸಮೀಪವಾಗಿದೆ. ಶುಲ್ಕ ಪಡೆದು ನೀಡುವ ವೈದ್ಯಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುವುದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಕೇವಲ ನಿರ್ಣಯದ ತಪ್ಪು ನಿರ್ಲಕ್ಷ್ಯವೆನಿಸದೆಂದು 2005ರಲ್ಲಿ ಸ್ಪಷ್ಟಪಡಿಸಿತು. 1996ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಜಯನಗರದಲ್ಲಿ ನೆಲೆಗೊಂಡ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ನಾಡಿನ ವೈದ್ಯರಿಗೂ ದಾದಿಯರಿಗೂ ಪದವಿ ನೀಡುತ್ತ ಬಂದಿದೆ. ಪದವಿಯು ಒಮ್ಮೆ ದೊರೆಯುವಂಥದು. ಅಪ್ರಮಾದವನ್ನು ಪ್ರತಿದಿನವೂ ಸಾಧಿಸಬೇಕು.

ಬಸದಿಗಳ ಟ್ರಸ್ಟುಗಳು ನಡೆಸುವ ಚಿಕಿತ್ಸಾಲಯಗಳಿಗೂ ಇದೇ ಅಳತೆಗೋಲು. ರೋಗಿಯ ಹೆಸರು, ಔಷಧ, ಅದರ ಪ್ರಮಾಣ ಇವನ್ನು ಪರೀಕ್ಷಿಸದೆ ಕೊಟ್ಟ ಮದ್ದು, ಉಚಿತವಾದರೂ, ದಾನವೆನಿಸದು.